ವಿಶ್ರಾಂತಿಯ ದಿನ ಇಳಿಯುವ ಗೆರೆ

ಹಿಂದಿನ ಸಂಚಿಕೆಯಲ್ಲಿ ಚೆನ್ನೈನ ಮುಂಜಾನೆಯ ಸೈಕಲ್ ಸವಾರಿಗಳ ಬಗ್ಗೆ ಬರೆದಿದ್ದೆ. ಅದನ್ನು ಓದಿದವರು ಕೇಳಿದ ಪ್ರಶ್ನೆಗಳಲ್ಲಿ ಹೆಚ್ಚಿನವು ಸೈಕಲ್ಲಿನ ಬಗ್ಗೆ ಇರಲಿಲ್ಲ. ಸವಾರಿ ಮುಗಿಸಿ ಕಾಫಿ ಕುಡಿಯುತ್ತಾ ನಾವೆಲ್ಲ ಮೊಬೈಲಿನಲ್ಲಿ ನೋಡುವ ಗ್ರಾಫುಗಳ ಬಗ್ಗೆ ಇದ್ದವು. "ಆ ಏರುವ ಗೆರೆ ನಿಜವಾಗಿ ಏನನ್ನು ಅಳೆಯುತ್ತದೆ? ಇಳಿದರೆ ಹೆದರಬೇಕೆ?" ಎಂಬುದು ಎಲ್ಲರ ಪ್ರಶ್ನೆಯ ತಿರುಳು. ಹಗಲಿಡೀ ಕಂಪನಿಗೆ ಡ್ಯಾಶ್‌ಬೋರ್ಡ್ ಬರೆಯುವುದು ನನ್ನ ಹೊಟ್ಟೆಪಾಡು. ರಾತ್ರಿ ಮೈಲಾಪೂರಿನ ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ಸೈಕಲ್ ತರಬೇತಿಯ ತಂತ್ರಾಂಶಕ್ಕೆ ಚಾರ್ಟುಗಳನ್ನು ಬರೆಯುವುದು ನನ್ನ ಹವ್ಯಾಸ. ಹಾಗಾಗಿ ಈ ಸಲ ಆ ಗೆರೆಗಳ ಹಿಂದಿನ ಅಡುಗೆಮನೆಗೆ ನಿಮ್ಮನ್ನು ಕರೆದೊಯ್ಯುತ್ತೇನೆ.

ಮೊದಲು ದಿನಸಿ ಸಾಮಾನು. ಹ್ಯಾಂಡಲ್ ಮೇಲೆ ಕೂರುವ ಪುಟ್ಟ ಕಂಪ್ಯೂಟರ್ ಸಾಮಾನ್ಯವಾಗಿ ಸೆಕೆಂಡಿಗೆ ಒಂದು ಸಾಲು ಬರೆದಿಟ್ಟುಕೊಳ್ಳುತ್ತದೆ: ಎಲ್ಲಿದ್ದೀರಿ, ಎಷ್ಟು ವೇಗ, ಎಷ್ಟು ಎತ್ತರ, ಎದೆಬಡಿತ ಎಷ್ಟು, ನಿಮಿಷಕ್ಕೆ ಪೆಡಲ್ ಎಷ್ಟು ಸುತ್ತು. ಪವರ್ ಮೀಟರ್ ಇದ್ದರೆ ಕಾಲು ಎಷ್ಟು ವ್ಯಾಟ್ ಶಕ್ತಿ ಕೊಡುತ್ತಿದೆ ಎಂಬುದೂ ಸೇರುತ್ತದೆ. ಜರ್ಮನಿಯ ಉಲ್ರಿಚ್ ಶೋಬರರ್ 1986ರಲ್ಲಿ ಎಸ್‌ಆರ್‌ಎಂ ಕಂಪನಿ ಕಟ್ಟಿ ಈ ಮೀಟರನ್ನು ಓಟದ ಸೈಕಲ್ಲಿಗೆ ತಂದರು. ಗಾಳಿ ಎದುರಿದ್ದರೆ ವೇಗ ಸುಳ್ಳು ಹೇಳುತ್ತದೆ, ಕಾಫಿ ಕುಡಿದಿದ್ದರೆ ಎದೆಬಡಿತ ಸುಳ್ಳು ಹೇಳುತ್ತದೆ, ವ್ಯಾಟ್ ಮಾತ್ರ ಕಾಲಿನ ಕೆಲಸವನ್ನು ನೇರವಾಗಿ ಹೇಳುತ್ತದೆ ಎಂಬ ಕಾರಣಕ್ಕೆ ತರಬೇತಿಯ ಲೆಕ್ಕವೆಲ್ಲ ಅದರ ಸುತ್ತ ಬೆಳೆಯಿತು. ಮೈಲಾಪೂರಿನಿಂದ ಹೊರಟು ಮಂದವೆಳಿ, ಅಡ್ಯಾರ್ ಸೇತುವೆ, ತಿರುವಾನ್ಮಿಯೂರು ದಾಟಿ ಇಸಿಆರ್ ಹಿಡಿದು ಮೂರು ಗಂಟೆ ಸವಾರಿ ಮಾಡಿದರೆ 10,800 ಸಾಲುಗಳು ಕೈಗೆ ಸಿಗುತ್ತವೆ.

ಅಡುಗೆಯ ಪಾತ್ರೆ ಗೋಲ್ಡನ್‌ಚೀತಾ ಎಂಬ ತಂತ್ರಾಂಶ. ಶಾನ್ ರಿಯಾ ಎಂಬವರು 2006ರಲ್ಲಿ ಶುರುಮಾಡಿದ, ಮುಂದೆ ಮಾರ್ಕ್ ಲಿವರ್ಸೆಜ್ ಮುಂದಾಳತ್ವದಲ್ಲಿ ಜಗತ್ತಿನ ಹಲವರು ಸೇರಿ ಬೆಳೆಸಿದ ಉಚಿತ, ಮುಕ್ತ ತಂತ್ರಾಂಶ ಇದು. ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಕ್ಯೂಟಿ ಬಳಸಿ ಬರೆದದ್ದು. ಈಚಿನ ಆವೃತ್ತಿಗಳಲ್ಲಿ ಮೂಲ ತಂತ್ರಾಂಶವನ್ನು ಮುಟ್ಟದೆ ಪೈಥಾನ್ ಅಥವಾ ಆರ್ ಭಾಷೆಯಲ್ಲಿ ನಮ್ಮದೇ ಚಾರ್ಟ್ ಬರೆದು ಸೇರಿಸಿಕೊಳ್ಳಬಹುದು. ನನ್ನ ರಾತ್ರಿಯ ಕೆಲಸವೆಲ್ಲ ಈ ಕಿಟಕಿಯ ಮೂಲಕ ನಡೆಯುತ್ತದೆ.

ಚಾರ್ಟ್ ಬರೆಯುವುದೆಂದರೆ ಏನು ಎಂದು ವಿವರಿಸಲು ನಮ್ಮ ಬೀದಿಯ ಕೋಲಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಧನುರ್ಮಾಸದಲ್ಲಿ ಕಪಾಲೀಶ್ವರ ದೇವಸ್ಥಾನದ ಸುತ್ತಿನ ಮಾಡ ಬೀದಿಗಳಲ್ಲಿ ನಡೆದರೆ ನೋಡಬಹುದು: ಹೆಂಗಸರು ಮೊದಲು ಚುಕ್ಕಿ ಇಡುತ್ತಾರೆ, ಆಮೇಲೆ ಎಳೆ ಎಳೆಯುತ್ತಾರೆ. ನಮ್ಮ ಕಡೆಯ ಚುಕ್ಕಿ ರಂಗೋಲಿಯೂ ಹಾಗೆಯೇ. ಅದೇ ಚುಕ್ಕಿಗಳ ಮೇಲೆ ಒಬ್ಬರು ತಾವರೆ ಬಿಡಿಸುತ್ತಾರೆ, ಇನ್ನೊಬ್ಬರು ರಥ ಬಿಡಿಸುತ್ತಾರೆ. ಸೈಕಲ್ ಕಂಪ್ಯೂಟರ್ ನಮಗೆ ಕೊಡುವುದು ಚುಕ್ಕಿಗಳನ್ನು ಮಾತ್ರ. ಎಳೆ ಎಳೆಯುವವನು ಚಾರ್ಟ್ ಬರೆದವನು. ಎಲ್ಲಿ ಎಳೆ ಸೇರಿಸಬೇಕು, ಎಲ್ಲಿ ಬಿಡಬೇಕು, ಯಾವ ಅಳತೆಯಲ್ಲಿ ಎಳೆಯಬೇಕು ಎಂಬ ಒಂದೊಂದು ತೀರ್ಮಾನವೂ ಓದುವವನಿಗೆ ಏನೋ ಒಂದನ್ನು ಹೇಳಿಬಿಡುತ್ತದೆ.

ಮೊದಲ ತೊಂದರೆ ಜಾಗದ್ದು. 10,800 ಚುಕ್ಕಿಗಳಿವೆ, ಪರದೆಯ ಅಗಲ ಸುಮಾರು 1,000 ಪಿಕ್ಸೆಲ್. ಹತ್ತಕ್ಕೊಂದು ಚುಕ್ಕಿ ಆರಿಸಿ ಗೆರೆ ಎಳೆದರೆ ಕೆಲಸ ಸುಲಭ. ಆದರೆ ಐದು ಸೆಕೆಂಡು ಪ್ರಾಣ ಬಿಟ್ಟು ತುಳಿದ ಸ್ಪ್ರಿಂಟ್ ಆ ಆಯ್ಕೆಯ ನಡುವೆ ಬಿದ್ದು ಮಾಯವಾಗಬಹುದು. ಸರಾಸರಿ ತೆಗೆದರೆ ಅದು ತಗ್ಗಿ ದಿಣ್ಣೆಯಂತೆ ಕಾಣುತ್ತದೆ. ಹಾಗಾಗಿ ಪ್ರತಿ ಪಿಕ್ಸೆಲ್ಲಿನ ಪಾಲಿಗೆ ಬಂದ ಚುಕ್ಕಿಗಳಲ್ಲಿ ಅತಿ ಹೆಚ್ಚು ಮತ್ತು ಅತಿ ಕಡಿಮೆ ಎರಡನ್ನೂ ಉಳಿಸಿಕೊಳ್ಳುವುದು ಒಂದು ದಾರಿ. ಐಸ್‌ಲ್ಯಾಂಡಿನ ಸ್ವೇನ್ ಸ್ಟೇನಾರ್ಸನ್ 2013ರ ತಮ್ಮ ಸ್ನಾತಕೋತ್ತರ ಪ್ರಬಂಧದಲ್ಲಿ ಇನ್ನೊಂದು ದಾರಿ ಕೊಟ್ಟರು: ಅಕ್ಕಪಕ್ಕದ ಚುಕ್ಕಿಗಳ ಜೊತೆ ಸೇರಿ ಅತಿ ದೊಡ್ಡ ತ್ರಿಕೋನ ಮಾಡುವ ಚುಕ್ಕಿಯನ್ನು ಉಳಿಸು, ಉಳಿದವನ್ನು ಬಿಡು. ಕಣ್ಣಿಗೆ ಮುಖ್ಯವಾದ ಏರಿಳಿತಗಳು ಇದರಿಂದ ಹೆಚ್ಚಿನಂಶ ಉಳಿಯುತ್ತವೆ. ಇಂದು ಜಗತ್ತಿನ ಎಷ್ಟೋ ಚಾರ್ಟ್ ಲೈಬ್ರರಿಗಳು ಇದನ್ನು ಬಳಸುತ್ತವೆ.

ಎರಡನೆಯದು ಅಡ್ಡಗೆರೆಯಲ್ಲಿ ಸಮಯ ಇಡಬೇಕೋ ದೂರ ಇಡಬೇಕೋ ಎಂಬ ಪ್ರಶ್ನೆ. ಮೆಟ್ರೋ ಕಾಮಗಾರಿಯ ದೆಸೆಯಿಂದ ಲಜ್ ಹತ್ತಿರ ನಾಲ್ಕು ನಿಮಿಷ ನಿಂತಿರಿ ಅನ್ನಿ. ಸಮಯದ ಅಕ್ಷದಲ್ಲಿ ಅದು ನಾಲ್ಕು ನಿಮಿಷದ ಬಯಲಾಗಿ ಕಾಣುತ್ತದೆ, ದೂರದ ಅಕ್ಷದಲ್ಲಿ ನಿಂತದ್ದೇ ಅಳಿಸಿಹೋಗುತ್ತದೆ. ಎರಡನ್ನೂ ಒಟ್ಟಿಗೆ ತೋರಿಸುವ ಜಾಣತನ ಹಳೆಯದು. ಫ್ರಾನ್ಸಿನ ಎತಿಯೆನ್ ಜೂಲ್ ಮರೇ 1878ರ ತಮ್ಮ ಪುಸ್ತಕದಲ್ಲಿ ಪ್ಯಾರಿಸ್–ಲಿಯೋನ್ ರೈಲುಗಳ ಒಂದು ಚಿತ್ರ ಅಚ್ಚು ಹಾಕಿಸಿದರು. ಅಡ್ಡಕ್ಕೆ ದಿನದ ಗಂಟೆಗಳು, ಉದ್ದಕ್ಕೆ ನಿಲ್ದಾಣಗಳು, ಒಂದೊಂದು ರೈಲಿಗೆ ಒಂದೊಂದು ಓರೆಗೆರೆ. ಗೆರೆ ಕಡಿದಾದಷ್ಟೂ ವೇಗ ಹೆಚ್ಚು, ಮಲಗಿದ್ದರೆ ರೈಲು ನಿಂತಿದೆ. ನಮ್ಮ ರೈಲ್ವೆಯ ಕಂಟ್ರೋಲ್ ಕೊಠಡಿಯಲ್ಲಿ ಸೆಕ್ಷನ್ ಕಂಟ್ರೋಲರುಗಳು ಪೆನ್ಸಿಲ್ ಹಿಡಿದು ಎಳೆಯುತ್ತಿದ್ದದ್ದೂ ಇದೇ ಚಾರ್ಟ್. ಒಬ್ಬನೇ ಸವಾರನ ಹತ್ತು ಭಾನುವಾರಗಳನ್ನು ಇದೇ ರೀತಿ ಒಂದರ ಪಕ್ಕ ಒಂದು ಎಳೆದರೆ ಯಾವ ದಿನ ಎಲ್ಲಿ ಸೊರಗಿದ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ.

ಮೂರನೆಯದು ನಮ್ಮ ಚೆನ್ನೈಯದೇ ವಿಶೇಷ. ಇಲ್ಲಿಂದ ಮಹಾಬಲಿಪುರದವರೆಗೆ, ಸುಮಾರು 50 ಕಿ.ಮೀ., ಹೆಸರಿಗೂ ಒಂದು ಗುಡ್ಡವಿಲ್ಲ. ಆದರೂ ಕೆಲವು ಸವಾರಿಗಳಲ್ಲಿ ನೂರಾರು ಮೀಟರ್ ಹತ್ತಿದ ಲೆಕ್ಕ ಬರುತ್ತದೆ. ಜಿಪಿಎಸ್ ಹೇಳುವ ಎತ್ತರ ನಿಂತಲ್ಲೇ ನಡುಗುತ್ತಿರುತ್ತದೆ. ಹತ್ತು ಸೆಕೆಂಡಿಗೊಮ್ಮೆ ಒಂದು ಮೀಟರ್ ಮೇಲೆ, ಮುಂದಿನ ಹತ್ತು ಸೆಕೆಂಡಿಗೆ ಒಂದು ಮೀಟರ್ ಕೆಳಗೆ ಎಂದಾದರೂ ಮೂರು ಗಂಟೆಯಲ್ಲಿ ಬರೀ ಏರಿಕೆಗಳನ್ನು ಕೂಡಿದರೆ 540 ಮೀಟರ್ ಆಗುತ್ತದೆ. ಸಮುದ್ರದ ದಂಡೆಯಲ್ಲಿ ಕೂತೇ ಘಾಟಿ ಹತ್ತಿದ ಪುಣ್ಯ! ಎರಡು ಮೂರು ಮೀಟರ್ ಮೀರಿದ ಏರಿಕೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿ ಎಂಬ ಸಣ್ಣ ನಿಯಮ ಹಾಕಿದರೆ ಈ ಸುಳ್ಳು ಗುಡ್ಡಗಳು ಕರಗುತ್ತವೆ.

ಇವೆಲ್ಲ ಒಂದು ಸವಾರಿಯ ಚಾರ್ಟಿನ ಮಾತು. ಓದುಗರು ಕೇಳಿದ್ದು ತಿಂಗಳುಗಟ್ಟಲೆ ಓಡುವ ಆ ದೊಡ್ಡ ಗೆರೆಯ ಬಗ್ಗೆ. ಅದಕ್ಕೆ ಮೊದಲು ಒಂದು ಸವಾರಿಯನ್ನು ಒಂದೇ ಅಂಕಿಗೆ ಇಳಿಸಬೇಕು. ಅಮೆರಿಕದ ವ್ಯಾಯಾಮ ವಿಜ್ಞಾನಿ ಆಂಡ್ರ್ಯೂ ಕಾಗನ್ ಇದಕ್ಕೊಂದು ಸೂತ್ರ ಕೊಟ್ಟರು. ಇಬ್ಬರು ಸವಾರರನ್ನು ತೆಗೆದುಕೊಳ್ಳಿ. ಒಂದು ಗಂಟೆ ದಣಿವಿನ ಅಂಚಿನಲ್ಲಿ ತುಳಿಯಬಲ್ಲ ಶಕ್ತಿ ಇಬ್ಬರಿಗೂ 250 ವ್ಯಾಟ್. ಒಬ್ಬ ಒಂದು ಗಂಟೆ ಸಮವಾಗಿ 200 ವ್ಯಾಟ್ ತುಳಿದ. ಇನ್ನೊಬ್ಬ ಐದು ನಿಮಿಷ 100, ಐದು ನಿಮಿಷ 300 ಎಂದು ಬದಲಿಸುತ್ತಾ ತುಳಿದ. ಸರಾಸರಿ ಇಬ್ಬರದೂ 200, ಆದರೆ ಎರಡನೆಯವನು ಮನೆ ಸೇರುವಾಗ ಹಿಂಡಿದ ಬಟ್ಟೆಯಾಗಿರುತ್ತಾನೆ. ಕಾಗನ್ ಸೂತ್ರ 30 ಸೆಕೆಂಡಿನ ಚಲಿಸುವ ಸರಾಸರಿ ತೆಗೆದು, ಅದನ್ನು ನಾಲ್ಕನೇ ಘಾತಕ್ಕೆ ಏರಿಸಿ, ಮತ್ತೆ ಸರಾಸರಿ ಮಾಡಿ, ನಾಲ್ಕನೇ ಮೂಲ ತೆಗೆಯುತ್ತದೆ. ಆಗ ಮೊದಲನೆಯವನಿಗೆ 200, ಎರಡನೆಯವನಿಗೆ 250 ಬರುತ್ತದೆ. ಅಂಚಿನಲ್ಲಿ ಒಂದು ಗಂಟೆ ತುಳಿದರೆ 100 ಅಂಕ ಎಂದು ಇಟ್ಟುಕೊಂಡರೆ ಮೊದಲನೆಯವನ ಆ ದಿನದ ಹೊರೆ 64, ಎರಡನೆಯವನದು 100.

ಈಗ ದೊಡ್ಡ ಗೆರೆ. ಇದರ ಬೇರು ಕೆನಡಾದಲ್ಲಿ ಎರಿಕ್ ಬ್ಯಾನಿಸ್ಟರ್ 1975ರಲ್ಲಿ ಮುಂದಿಟ್ಟ ಒಂದು ಮಾದರಿಯಲ್ಲಿದೆ. ಪ್ರತಿ ತರಬೇತಿಯೂ ದೇಹದಲ್ಲಿ ಎರಡು ಗುರುತು ಬಿಡುತ್ತದೆ, ನಿಧಾನ ಮಾಸುವ ಲಾಭ ಒಂದು, ಬೇಗ ಮಾಸುವ ದಣಿವು ಇನ್ನೊಂದು ಎಂಬುದು ಅದರ ಸಾರ. ಕಾಗನ್ ಇದನ್ನು ಸರಳ ಮಾಡಿ ಎರಡು ಸರಾಸರಿಗಳಿಗೆ ಇಳಿಸಿದರು, 42 ದಿನದ್ದು ಒಂದು, 7 ದಿನದ್ದು ಒಂದು. ಲೆಕ್ಕ ಬೆರಳಲ್ಲೇ ಮಾಡುವಷ್ಟು ಸುಲಭ. ನಿನ್ನೆ ಗೆರೆ 60ರಲ್ಲಿತ್ತು, ಇಂದಿನ ಹೊರೆ 100. ವ್ಯತ್ಯಾಸ 40, ಅದರ 42ನೇ ಒಂದು ಪಾಲು ಸೇರಿಸಿದರೆ ಇಂದು ಸುಮಾರು 61. ಏಳು ದಿನದ ಗೆರೆಗೆ ಏಳನೇ ಒಂದು ಪಾಲು, ಹಾಗಾಗಿ ಅದು ಸುಮಾರು 66ಕ್ಕೆ ಜಿಗಿಯುತ್ತದೆ. ನಾಳೆ ನೀವು ಮಲಗಿ ವಿಶ್ರಾಂತಿ ತೆಗೆದುಕೊಂಡರೆ ಆ ದಿನದ ಹೊರೆ ಸೊನ್ನೆ. ಎರಡೂ ಗೆರೆ ಇಳಿಯುತ್ತವೆ.

ಕೊನೆಯ ವಾಕ್ಯವನ್ನು ಇನ್ನೊಮ್ಮೆ ಓದಿ. ವಿಶ್ರಾಂತಿಯ ದಿನ ಗೆರೆ ಇಳಿಯಲೇಬೇಕು, ಸೂತ್ರವೇ ಹಾಗಿದೆ. ಸ್ನಾಯು ರಿಪೇರಿಯಾಗುವುದು, ದೇಹ ಗಟ್ಟಿಯಾಗುವುದು ಅದೇ ವಿಶ್ರಾಂತಿಯಲ್ಲಿ. ಆದರೆ ಪೇಟೆಯಲ್ಲಿ ಸಿಗುವ ಎಷ್ಟೋ ತಂತ್ರಾಂಶಗಳು ಈ 42 ದಿನದ ಗೆರೆಗೆ ಕೊಟ್ಟಿರುವ ಹೆಸರು "ಫಿಟ್ನೆಸ್". ದೇಹ ಗಟ್ಟಿಯಾಗುವ ದಿನ ಪರದೆ "ನಿನ್ನ ಫಿಟ್ನೆಸ್ ಇಳಿಯಿತು" ಎನ್ನುತ್ತದೆ.

ಇದರ ಪರಿಣಾಮವನ್ನು ನಮ್ಮ ಗುಂಪಿನಲ್ಲೇ ಕಂಡೆ. ಹುಬ್ಬಳ್ಳಿಯ ಗೆಳೆಯರೊಬ್ಬರು, ನಲವತ್ತೈದರ ಆಸುಪಾಸು, ಒಂದು ದೊಡ್ಡ ಸವಾರಿಗೆ ತಯಾರಾಗುತ್ತಿದ್ದರು. ಮೂರು ತಿಂಗಳಲ್ಲಿ ಗೆರೆಯನ್ನು 30ರಿಂದ 70ಕ್ಕೆ ಏರಿಸಿದ್ದರು. ಹಬ್ಬದ ವಾರದಲ್ಲಿ ಜ್ವರ ಬಂತು. ನೂರೊಂದು ಡಿಗ್ರಿ ಇಟ್ಟುಕೊಂಡು ಬೆಳಗಿನ ಜಾವ ನಾಲ್ಕೂವರೆಗೆ ಹೆಲ್ಮೆಟ್ ಹಾಕಿ ಬಂದು ನಿಂತರು. ವಾಪಸ್ ಹೋಗಿ ಸಾರ್ ಅಂದರೆ, "ಗೆರಿ ಇಳಿಯಾಕತ್ತೇತಿ, ಮಲಗಿದ್ರ ಹೆಂಗ?" ಎಂದರು. ಅಂದು ಹೋಗಿಯೇ ಬಿಟ್ಟರು. ಆಮೇಲೆ ಮೂರು ವಾರ ಹಾಸಿಗೆ. ಮೆಟ್ಟಿಲು ಹತ್ತಿದರೂ ಎದೆ ಡವಡವ. ವೈರಲ್ ಜ್ವರದಲ್ಲಿ ಮೈ ದಣಿಸಿದರೆ ಹೃದಯದ ಸ್ನಾಯುವಿಗೇ ಉರಿಯೂತ ಆಗುವ ಅಪಾಯವಿದೆ ಎಂದು ವೈದ್ಯರು ಇಸಿಜಿ, ಎಕೋ ಎಲ್ಲ ಮಾಡಿಸಿದರು. ಪುಣ್ಯಕ್ಕೆ ಏನೂ ಆಗಿರಲಿಲ್ಲ. ಓದಿಕೊಂಡ, ಮನೆ ಮಕ್ಕಳಿರುವ, ವ್ಯವಹಾರದಲ್ಲಿ ಯಾರ ಮಾತಿಗೂ ಮರುಳಾಗದ ಮನುಷ್ಯ ಅವರು. ಎರಡು ಅಂಕಿ ಇಳಿಯುವುದನ್ನು ನೋಡಲಾರದೆ ಹೊರಟುಬಿಟ್ಟಿದ್ದರು.

ಆ ಘಟನೆಯ ನಂತರ ನಾನು ಬರೆಯುತ್ತಿದ್ದ ಚಾರ್ಟಿನಲ್ಲಿ ಮೂರು ಬದಲಾವಣೆ ಮಾಡಿದೆ.

ಒಂದು, ಲಂಬ ಅಕ್ಷವನ್ನು ಸೊನ್ನೆಯಿಂದ ಶುರುಮಾಡಿದೆ. ಗೆರೆ 60ರಲ್ಲಿದ್ದಾಗ ಪೂರಾ ಒಂದು ವಾರ ಸೈಕಲ್ ಮುಟ್ಟದಿದ್ದರೆ ಅದು ಸುಮಾರು 51ಕ್ಕೆ ಬರುತ್ತದೆ. ತಂತ್ರಾಂಶ ತಾನಾಗಿಯೇ ಅಕ್ಷವನ್ನು 50ರಿಂದ 61ಕ್ಕೆ ಹಿಗ್ಗಿಸಿಕೊಂಡರೆ ಆ ಇಳಿತ ಜೋಗದ ಗುಂಡಿಗೆ ಬಿದ್ದಂತೆ ಕಾಣುತ್ತದೆ. ಅಕ್ಷ 0ಯಿಂದ 100 ಇದ್ದರೆ ಮೆಲ್ಲನೆಯ ಇಳಿಜಾರು, ಅಷ್ಟೇ. ಅಂಕಿ ಎರಡರಲ್ಲೂ ಒಂದೇ.

ಎರಡು, ಮುಂದಿನ ದಿನಗಳನ್ನೂ ಚುಕ್ಕಿಗೆರೆಯಲ್ಲಿ ತೋರಿಸಿದೆ. ಮೂರು ದಿನ ಮಲಗಿದರೆ 60 ಇದ್ದದ್ದು 56ಕ್ಕೆ ಇಳಿಯುತ್ತದೆ. ಆಮೇಲೆ ದಿನಕ್ಕೆ 80ರ ಹೊರೆಯಲ್ಲಿ ತುಳಿದರೆ ಎಂಟು ದಿನಕ್ಕೆ ಮತ್ತೆ 60. ಮೂರು ದಿನದ ವಿಶ್ರಾಂತಿಯ ಬೆಲೆ ಇಷ್ಟೇ ಎಂದು ಕಣ್ಣಾರೆ ಕಂಡರೆ ಜ್ವರದಲ್ಲಿ ಹೆಲ್ಮೆಟ್ ಹುಡುಕುವ ಕೈ ತಡೆಯುತ್ತದೆ. ಇಳಿತಕ್ಕೆ ಕೆಂಪು ಬಣ್ಣ ಹಾಕುವುದನ್ನೂ ಬಿಟ್ಟೆ. ವಿಶ್ರಾಂತಿಯ ದಿನಗಳ ಹಿನ್ನೆಲೆಗೆ ತಿಳಿಹಸಿರು ಬಂತು.

ಮೂರನೆಯದು ಹೆಸರು. ಇದು ಬಂದದ್ದು ಕನ್ನಡದ ದೆಸೆಯಿಂದ. ಚಾರ್ಟಿನ ಪದಗಳನ್ನು ಕನ್ನಡಕ್ಕೆ ತರೋಣವೆಂದು ಕೂತಾಗ "ಫಿಟ್ನೆಸ್" ಎಂಬಲ್ಲಿ ಪೆನ್ನು ನಿಂತಿತು. ದೈಹಿಕ ಸಾಮರ್ಥ್ಯ? ಆದರೆ ಸೂತ್ರದಲ್ಲಿ ಸಾಮರ್ಥ್ಯದ ಸುಳಿವೇ ಇಲ್ಲ. ಅಲ್ಲಿರುವುದು ನೀವು ಹೊತ್ತ ಹೊರೆಯ ಸರಾಸರಿ ಮಾತ್ರ. ದೇಹ ಅದನ್ನು ಜೀರ್ಣಿಸಿಕೊಂಡಿತೋ, ಅದರಿಂದ ಸೊರಗಿತೋ ಎಂಬುದು ಆ ಅಂಕಿಗೆ ಗೊತ್ತಿಲ್ಲ. ಇಂಗ್ಲಿಷ್ ಪದ ಇದ್ದಷ್ಟು ದಿನ ಯಾರಿಗೂ ಅನುಮಾನ ಬಂದಿರಲಿಲ್ಲ. "ನಿಮ್ಮ ಸಾಮರ್ಥ್ಯ 61" ಎಂದು ಕನ್ನಡದಲ್ಲಿ ಬರೆದಾಗ ಅದರ ಪೊಳ್ಳು ಎದ್ದು ಕಂಡಿತು. ಗೋಲ್ಡನ್‌ಚೀತಾದವರು ಇಂಗ್ಲಿಷಿನಲ್ಲೇ ಈ ಗೆರೆಯನ್ನು "ಲಾಂಗ್ ಟರ್ಮ್ ಸ್ಟ್ರೆಸ್" ಎನ್ನುತ್ತಾರೆ, ಅದು ಹೆಚ್ಚು ಪ್ರಾಮಾಣಿಕ. ನನ್ನ ಚಾರ್ಟಿನಲ್ಲಿ ಈಗ "ಆರು ವಾರದ ಹೊರೆ", "ಒಂದು ವಾರದ ಹೊರೆ", "ಎರಡರ ಅಂತರ" ಎಂದಷ್ಟೇ ಇದೆ. ಹೊರೆ ಇಳಿದರೆ ಹೆದರುವವರು ಯಾರು? ಹೊರೆ ಇಳಿಸಿದರೆ ಹಗುರವಾಗುತ್ತದೆ ಎಂಬುದು ಸಂತೆಗೆ ಮೂಟೆ ಹೊತ್ತು ಹೋದ ಎಲ್ಲರಿಗೂ ಗೊತ್ತು.

ಕನ್ನಡ ಅಕ್ಷರಗಳನ್ನು ಚಾರ್ಟಿಗೆ ತರುವುದಕ್ಕೂ ಒಂದಿಷ್ಟು ಗುದ್ದಾಡಬೇಕಾಯಿತು. ಅಕ್ಷದ ಪಕ್ಕದ ಜಾಗವನ್ನು ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಳೆದಿಟ್ಟಿರುವ ಕಡೆ ನಮ್ಮ ಒತ್ತಕ್ಷರಗಳು ಕೆಳಗೆ ಕತ್ತರಿಸಿಹೋಗುತ್ತವೆ, "ಶಕ್ತಿ" ಹೋಗಿ "ಶಕಿ" ಆಗುತ್ತದೆ. ಕೆಲವು ಹಳೆಯ ಲೈಬ್ರರಿಗಳು ಅಕ್ಷರಗಳನ್ನು ಕೂಡಿಸದೆ ಬಿಡಿಬಿಡಿಯಾಗಿ ಚೆಲ್ಲುತ್ತವೆ. ಅಕ್ಷರ ಕೂಡಿಸುವ ಕೆಲಸವನ್ನು ಹಾರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶಕ್ಕೆ ವಹಿಸಿ, ಲಂಬ ಅಕ್ಷದ ಹೆಸರನ್ನು ತಿರುಗಿಸಿ ನಿಲ್ಲಿಸದೆ ಅಕ್ಷದ ತಲೆಯ ಮೇಲೆ ಅಡ್ಡಕ್ಕೆ ಬರೆದರೆ ಓದಲು ಹಿತವಾಗುತ್ತದೆ. ಇದು ಇಂಗ್ಲಿಷ್ ಚಾರ್ಟಿಗೂ ಒಳ್ಳೆಯ ಅಭ್ಯಾಸವೇ.

ಚೆನ್ನೈಗೆಂದೇ ಸೇರಿಸಿದ ಇನ್ನೊಂದು ಚಾರ್ಟ್ ಎದೆಬಡಿತದ್ದು. ಡಿಸೆಂಬರಿನಲ್ಲಿ 150 ವ್ಯಾಟಿಗೆ ಇರುವ ಎದೆಬಡಿತ ಮೇ ತಿಂಗಳ ಕತ್ತಿರಿ ಬಿಸಿಲಿನಲ್ಲಿ ಅದೇ 150 ವ್ಯಾಟಿಗೆ ಇರುವುದಿಲ್ಲ. ಕಡಲ ತೀರದ ತೇವಕ್ಕೆ ಬೆವರು ಆರುವುದಿಲ್ಲ, ಮೈ ತಣಿಸಲು ರಕ್ತ ಚರ್ಮದ ಕಡೆಗೆ ಹರಿಯುತ್ತದೆ, ಹೃದಯ ಹೆಚ್ಚು ಬಡಿದುಕೊಳ್ಳಬೇಕಾಗುತ್ತದೆ. ಬರೀ ಗೆರೆ ನೋಡಿದವರಿಗೆ ತಾವು ಸೊರಗಿದೆವು ಅನ್ನಿಸುತ್ತದೆ. ಅಡ್ಡಕ್ಕೆ ವ್ಯಾಟ್, ಉದ್ದಕ್ಕೆ ಎದೆಬಡಿತ ಇಟ್ಟು, ಚುಕ್ಕಿಗಳಿಗೆ ಆ ದಿನದ ಉಷ್ಣಾಂಶದ ಬಣ್ಣ ಕೊಟ್ಟರೆ ತಪ್ಪು ಕಾಲಿನದಲ್ಲ, ಬಿಸಿಲಿನದು ಎಂದು ತಿಳಿಯುತ್ತದೆ. ಇಲ್ಲಿ ಚುಕ್ಕಿಗಳನ್ನು ಎಳೆಯಿಂದ ಸೇರಿಸುವುದೇ ಬೇಡ.

ಕನ್ನಡದ ಚಾರ್ಟ್ ಯಾರು ನೋಡುತ್ತಾರೆ ಎಂದು ಕೇಳುವವರಿದ್ದಾರೆ. ನನ್ನ ಕಣ್ಣ ಮುಂದಿರುವುದು ಇಸಿಆರ್‌ನ ನಮ್ಮಂಥವರಲ್ಲ, ವಿಜಯಪುರ, ಬಾಗಲಕೋಟೆಯ ಮಕ್ಕಳು. ಆ ಎರಡು ಜಿಲ್ಲೆಗಳು ದಶಕಗಳಿಂದ ದೇಶಕ್ಕೆ ಸೈಕಲ್ ಓಟಗಾರರನ್ನು ಕೊಡುತ್ತಾ ಬಂದಿವೆ. ಅಲ್ಲಿನ ಕ್ರೀಡಾ ಹಾಸ್ಟೆಲುಗಳಲ್ಲಿ ಹಳ್ಳಿಯ ಹುಡುಗ ಹುಡುಗಿಯರು ಓದಿನ ಜೊತೆಗೆ ಸೈಕಲ್ ತುಳಿದು ರಾಷ್ಟ್ರೀಯ ಪದಕ ತರುತ್ತಾರೆ. ಹದಿನೈದರ ಮಗುವಿನ ದೇಹಕ್ಕೆ ಅತಿ ತರಬೇತಿ ನಲವತ್ತೈದರ ದೇಹಕ್ಕಿಂತ ಹೆಚ್ಚು ದುಬಾರಿ. ಆ ಮಗು ತನ್ನ ಗೆರೆಯನ್ನು ತಾನೇ ಓದುವಂತಿರಬೇಕು.

ಪವರ್ ಮೀಟರಿಗೆ ಹತ್ತಾರು ಸಾವಿರ ರೂಪಾಯಿ ಬೇಕು, ಎಲ್ಲಿಂದ ತರೋಣ? ಬೇಕಿಲ್ಲ. ಅಮೆರಿಕದ ಕಾರ್ಲ್ ಫಾಸ್ಟರ್ ಮತ್ತು ಸಂಗಡಿಗರು ಬಳಕೆಗೆ ತಂದ ಒಂದು ಸರಳ ಲೆಕ್ಕವಿದೆ. ಸವಾರಿ ಮುಗಿದ ಅರ್ಧ ಗಂಟೆಗೆ ನಿಮ್ಮನ್ನು ನೀವೇ ಕೇಳಿಕೊಳ್ಳಿ: ಸೊನ್ನೆಯಿಂದ ಹತ್ತರೊಳಗೆ ಎಷ್ಟು ಕಷ್ಟವಾಯಿತು? ಆ ಅಂಕಿಯನ್ನು ಸವಾರಿಯ ನಿಮಿಷಗಳಿಂದ ಗುಣಿಸಿ. ಒಂದು ಗಂಟೆ, ಕಷ್ಟ ಐದು: 300. ಒಂದೂವರೆ ಗಂಟೆ, ಕಷ್ಟ ಏಳು: 630. ಗ್ರಾಫ್ ಹಾಳೆಯ ಮೇಲೆ ದಿನಕ್ಕೊಂದು ಕಂಬ ಬರೆಯಿರಿ. ವಾರದ ಮೊತ್ತವನ್ನು ಹಿಂದಿನ ನಾಲ್ಕು ವಾರಗಳ ಸರಾಸರಿಯ ಪಕ್ಕ ಇಟ್ಟು ನೋಡಿ. ಒಮ್ಮೆಗೇ ಬಹಳ ಹಾರಿದ್ದರೆ ಮುಂದಿನ ವಾರ ಹಗುರ ಮಾಡಿ. ನಡಿಗೆಗೆ, ಓಟಕ್ಕೆ, ಈಜಿಗೆ ಕೂಡ ಇದೇ ಲೆಕ್ಕ ನಡೆಯುತ್ತದೆ. ಒಂದು ಪೆನ್ಸಿಲ್, ಒಂದು ಹಾಳೆ ಸಾಕು.

ಹುಬ್ಬಳ್ಳಿಯ ಗೆಳೆಯರು ಈಗ ಇದನ್ನೇ ಬರೆಯುತ್ತಾರೆ, ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕ. ವಿಶ್ರಾಂತಿಯ ದಿನಕ್ಕೆ ಅವರ ಮನೆಯವರು ಒಂದು ಸುತ್ತು ಹಾಕುತ್ತಾರಂತೆ. ವಾರಕ್ಕೆ ಎರಡು ಸುತ್ತು ಇಲ್ಲದಿದ್ದರೆ ಸೈಕಲ್ಲಿನ ಕೀಲಿಕೈ ಸಿಗುವುದಿಲ್ಲ ಎಂಬ ನಿಯಮವೂ ಅವರದೇ.

ಚಾರ್ಟಿನ ಇನ್ನೂ ಕೆಲವು ಪದಗಳಿಗೆ ಕನ್ನಡ ಹುಡುಕುತ್ತಿದ್ದೇನೆ. ಓಟದ ಮುಂಚಿನ ವಾರದಲ್ಲಿ ಬೇಕೆಂದೇ ತರಬೇತಿ ಕಡಿಮೆ ಮಾಡುವುದಕ್ಕೆ, ಕಾಲು ತುಂಬಿಬಂದು ಮುಂದೆ ತುಳಿಯಲಾಗದ ಸ್ಥಿತಿಗೆ ನಿಮ್ಮ ಊರಿನ ಕಡೆ, ಗರಡಿಮನೆಯಲ್ಲಿ, ಕಬಡ್ಡಿ ಅಂಗಳದಲ್ಲಿ ಏನನ್ನುತ್ತಾರೆ? ಗೊತ್ತಿದ್ದವರು ಬರೆದು ಕಳಿಸಿ, ಒಳ್ಳೆಯ ಪದ ಸಿಕ್ಕರೆ ಮುಂದಿನ ಆವೃತ್ತಿಯಲ್ಲಿ ಸೇರಿಸುತ್ತೇನೆ.